ಛಾವಣಿಗೊಂದು ಅಂಚು, ನನಗೊಂದು ಮೂಲೆ

ಗೋಡೆಯೂ ಛಾವಣಿಯೂ ಸೇರುವ ಕಡೆ ಒಂದು ಕೋನ ಇರುತ್ತದೆ. ಕೋನ ಇರುವ ಕಡೆ ನಾನು ಹೆದರುವುದಿಲ್ಲ. ಇಪ್ಪತ್ತಾರು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತಿರುವ ಮನುಷ್ಯ ನಾನು. ಲಘುಕೋನ, ವಿಶಾಲಕೋನ, ಲಂಬಕೋನ ಎಲ್ಲವೂ ನನ್ನ ಮುಂದೆ ಕೈಕಟ್ಟಿ ನಿಂತಿವೆ. ಹೀಗಿರುವಾಗ ಚಿಕ್ಕಬಳ್ಳಾಪುರದ ನಮ್ಮ ಮನೆಯ ನಡುಮನೆಗೆ, ಛಾವಣಿಯ ಸುತ್ತ ಕೆತ್ತನೆಯ ಮರದ ಅಂಚುಪಟ್ಟಿ ಕೂರಿಸುವುದು ನನಗೆ ಯಾವ ಲೆಕ್ಕ ಎಂದುಕೊಂಡೆ. ಹಾಗೆ ಅಂದುಕೊಂಡ ದಿನ ನನ್ನ ಬಾಯಿಗೆ ಯಾರಾದರೂ ಬೀಗ ಹಾಕಬೇಕಿತ್ತು!

ಇದೆಲ್ಲ ಶುರುವಾಗಿದ್ದು ಗೌರಿಬಿದನೂರಿನಲ್ಲಿ. ನನ್ನ ಮಗಳು ಚೈತ್ರಾಳಿಗೆ ಅಲ್ಲಿನ ಗಂಗಾಧರಪ್ಪನವರ ಮಗನ ಸಂಬಂಧ ಕುದುರಿತ್ತು. ಹುಡುಗ ಪಶುವೈದ್ಯ, ಒಳ್ಳೆಯವನು. ಮಾತುಕತೆಗೆಂದು ನಾನು, ನನ್ನ ಹೆಂಡತಿ ವನಜಾ ಅವರ ಮನೆಗೆ ಹೋಗಿದ್ದೆವು. ಸೋಫಾದಲ್ಲಿ ಕೂತವನು ಸುಮ್ಮನೆ ತಲೆ ಎತ್ತಿದೆ. ಎತ್ತಿದ ತಲೆ ಇಳಿಯಲಿಲ್ಲ.

ಅವರ ಛಾವಣಿಯ ನಾಲ್ಕೂ ಕಡೆ ತೇಗದ ಪಟ್ಟಿ. ಪಟ್ಟಿಯ ಮೇಲೆ ಒಂದು ಬಳ್ಳಿ. ಅದು ಬಾಗಿಲ ಮೇಲೆ ಹುಟ್ಟಿ, ಎಲೆ ಬಿಡುತ್ತ, ಮೊಗ್ಗು ಬಿಡುತ್ತ, ಇಡೀ ಮನೆ ಸುತ್ತಿ ಮತ್ತೆ ಬಾಗಿಲ ಮೇಲಕ್ಕೇ ಬಂದು ತನ್ನ ಬುಡವನ್ನು ತಾನೇ ಮುಟ್ಟುತ್ತಿತ್ತು. ಮಧ್ಯದಲ್ಲಿ, ಫ್ಯಾನಿನ ಕೊಂಡಿಯ ಸುತ್ತ, ಮೊರದಗಲದ ಒಂದು ಮರದ ಕಮಲ. ಮರವೆಂದರೆ ಮುಟ್ಟಿ ನೋಡುವವರೆಗೆ ನಂಬಿಕೆ ಬಾರದಂಥ ಕಮಲ. ಕೆಳಗೆ ಗಂಗಾಧರಪ್ಪನವರು ಏನೋ ಕೇಳುತ್ತಿದ್ದರು. ನಾನು ಬಳ್ಳಿಯ ಹಿಂದೆ ಮೂರನೇ ಗೋಡೆಯವರೆಗೆ ಹೋಗಿಬಿಟ್ಟಿದ್ದೆ. ಅಲ್ಲಿಂದಲೇ ತಲೆ ಆಡಿಸಿದೆ. ಅವರು ಇನ್ನೇನೋ ಕೇಳಿದರು. ಅದಕ್ಕೂ ಆಡಿಸಿದೆ. ಎಲ್ಲರೂ ಸಂತೋಷದಿಂದ ಕಾಫಿ ಕುಡಿದರು.

ವಾಪಸು ಬರುವಾಗ ಕಾರಿನಲ್ಲಿ ವನಜಾ ಕೇಳಿದಳು. "ಏನ್ರೀ, ಯಾರನ್ನ ಕೇಳಿ ಒಪ್ಕೊಂಡ್ರಿ?"

"ಏನನ್ನ?"

"ನಿಶ್ಚಿತಾರ್ಥ ನಮ್ಮನೇಲೇ ಮಾಡ್ತೀವಿ ಅಂತ! ಛತ್ರ ಬೇಡ, ಮನೇಲೇ ಚೆನ್ನಾಗಿರುತ್ತೆ, ಅಲ್ವಾ ಮೇಷ್ಟ್ರೇ ಅಂದ್ರು. ನೀವು ಕೋಲೆಬಸವನ ಥರ ತಲೆ ಆಡಿಸಿದ್ರಿ. ಮೂರು ವಾರ ಸಾಕಾ ಅಂದ್ರು. ಅದಕ್ಕೂ ಆಡಿಸಿದ್ರಿ!"

ನಾನು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಸ್ವಲ್ಪ ನೀರು ಕುಡಿದೆ. ಆಮೇಲೆ ಗಂಭೀರವಾಗಿ ಹೇಳಿದೆ. "ವನಜಾ, ಇದು ದೈವಸಂಕಲ್ಪ. ನಮ್ಮ ಛಾವಣಿಗೂ ಒಂದು ಘನತೆ ಬರಬೇಕಾದ ಕಾಲ ಬಂದಿದೆ."

"ಛಾವಣಿಗೆ ಸುಣ್ಣ ಹೊಡೆಸಿದ್ರೆ ಸಾಕು."

"ಸುಣ್ಣ ಬೇರೆ, ಸೊಬಗು ಬೇರೆ."

ವನಜಾ ಕಿಟಕಿಯ ಕಡೆ ತಿರುಗಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಕಿಟಕಿಯ ಕಡೆ ತಿರುಗಿದಾಗಲೆಲ್ಲ ನನಗೆ ಏನೋ ಒಂದು ಕಾದಿರುತ್ತದೆ. ನನಗದು ಯಾವತ್ತೂ ಆ ಕ್ಷಣಕ್ಕೆ ಹೊಳೆಯುವುದಿಲ್ಲ.

ಮನೆಗೆ ಬಂದು ಚೈತ್ರಾಳಿಗೆ ಹೇಳಿದೆ. ಅವಳು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು. ಯಾವ ಕಾಯಿಲೆಗೆ ಏನು ಕೊಡಬೇಕೆಂದು ಗೊತ್ತಿರುವವಳು. "ಅಪ್ಪ, ಅವ್ರು ಬರೋದು ನನ್ನ ನೋಡಕ್ಕೆ, ಛಾವಣಿ ನೋಡಕ್ಕಲ್ಲ" ಎಂದಳು. ನನ್ನ ಕಾಯಿಲೆಗೆ ಮಾತ್ರ ಅವಳ ಹತ್ತಿರವೂ ಮದ್ದಿರಲಿಲ್ಲ.

ಗಂಗಾಧರಪ್ಪನವರ ಛಾವಣಿಯ ಕೆಲಸ ಮಾಡಿದವರು ಚಿಂತಾಮಣಿಯ ಕೃಷ್ಣಾಚಾರಿಗಳೆಂದು ವಿಚಾರಿಸಿ ತಿಳಿದುಕೊಂಡೆ. ಮರುದಿನವೇ ಹೋದೆ. ತರಕಾರಿ ಮಂಡಿಯ ಹಿಂದಿನ ಬೀದಿಯಲ್ಲಿ ಅವರ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದು ಶೀಟಿನ ಕೊಟ್ಟಿಗೆ, ಮೊಣಕಾಲುದ್ದ ಮರದ ಹೊಟ್ಟು, ಎಪ್ಪತ್ತು ದಾಟಿದ ದಪ್ಪ ಕನ್ನಡಕದ ಕೃಷ್ಣಾಚಾರಿಗಳು. ಒಂದು ಮೂಲೆಯಲ್ಲಿ ಮೂವತ್ತೈದರ ಸುಮಾರಿನ ಹೆಂಗಸೊಬ್ಬರು ಕಾಲು ಮಡಿಚಿ ಕೂತು, ದೊಡ್ಡದೊಂದು ಬಾಗಿಲನ್ನು ಏನೋ ಉಜ್ಜುತ್ತಿದ್ದರು. ಬಿಸಿಲಲ್ಲಿ ಬಂದಿದ್ದೆ. "ಏನಮ್ಮಾ, ಕುಡಿಯಕ್ಕೆ ಸ್ವಲ್ಪ ನೀರು ಕೊಡ್ತೀಯಾ?" ಎಂದೆ. ಆಕೆ ಎದ್ದು ನೀರು ಕೊಟ್ಟು, ಮತ್ತೆ ಹೋಗಿ ಕೂತರು.

ಕೃಷ್ಣಾಚಾರಿಗಳು ವಿಷಯ ಕೇಳಿ ತಲೆ ಅಲ್ಲಾಡಿಸಿದರು. "ಪಟ್ಟಿ, ಕಮಲ ಎಲ್ಲ ಇದೆ ಮೇಷ್ಟ್ರೇ. ಒಬ್ರಿಗೆ ಅಂತ ಮಾಡಿದ್ದು, ಅವ್ರು ಬೇಡ ಅಂದ್ರು. ಆದ್ರೆ ಕೂರಿಸಕ್ಕೆ ಈ ತಿಂಗಳು ಆಗಲ್ಲ. ದೇವಸ್ಥಾನದ ಬಾಗಿಲು ಮುಗಿಸಬೇಕು."

"ಪಟ್ಟಿ ಕೊಡಿ ಸಾಕು. ಕೂರಿಸೋದು ನಾನು ನೋಡ್ಕೋತೀನಿ."

"ನಾನು ಅಂದ್ರೆ?"

"ನಾನೇ. ನಲವತ್ತೈದು ಡಿಗ್ರಿಗೆ ಕೊಯ್ದು ಎರಡು ಸೇರಿಸಿದ್ರೆ ತೊಂಬತ್ತು. ಮೂಲೆ ಆಯ್ತಲ್ಲ!"

ಮೂಲೆಯಲ್ಲಿದ್ದ ಹೆಂಗಸು ಉಜ್ಜುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಸಾರ್, ನಿಮ್ಮ ಗೋಡೆ ಮೂಲೆ ತೊಂಬತ್ತೇ ಐತಾ? ನೋಡಿದೀರಾ?"

ನನಗೆ ಸ್ವಲ್ಪ ಕೋಪವೇ ಬಂತು. ಆ ಮನೆ ಕಟ್ಟುವಾಗ ಬೇಸಿಗೆ ರಜೆಯಿಡೀ ಪಾಯದ ಪಕ್ಕ ಛತ್ರಿ ಹಿಡಿದು ನಿಂತವನು ನಾನು. ಗಣಿತದ ಮೇಷ್ಟ್ರ ಮನೆಯ ಗೋಡೆ ತೊಂಬತ್ತಲ್ಲದೆ ಎಂಬತ್ತೊಂಬತ್ತಾಗುತ್ತದೆಯೇ? "ಅದರ ಚಿಂತೆ ನಿಮಗೆ ಬೇಡಮ್ಮ" ಎಂದೆ, ಘನತೆಯಿಂದ.

"ಆಯ್ತು ಸಾರ್. ಪಟ್ಟೀನ ಮಾತ್ರ ತಲೆಕೆಳಗೆ ಇಟ್ಕೊಂಡು, ವಾಲಿಸ್ಕೊಂಡು ಕೊಯ್ಯಿರಿ. ಗೋಡೆ ಮೇಲೆ ಅದು ವಾಲಿಕೊಂಡು ಕೂರುತ್ತಲ್ಲ, ಅದಕ್ಕೆ. ಮಲಗಿಸಿ ಕೊಯ್ದ್ರೆ ಕೆಡುತ್ತೆ."

ನಾನು ನಸುನಕ್ಕೆ. ತರಗತಿಯಲ್ಲಿ ತಪ್ಪು ಉತ್ತರ ಕೊಟ್ಟ ಮಗುವಿಗೆ ನಗುವ ನಗು ಅದು.

ಗೂಡ್ಸ್ ಆಟೋದಲ್ಲಿ ಪಟ್ಟಿಗಳನ್ನು ಹೇರಿಸಿಕೊಂಡು ಹೊರಟೆ. ಅವು ಆಟೋಗಿಂತ ಎರಡರಷ್ಟು ಉದ್ದ. ಹಿಂದೆ ಕೂತು ತುದಿಗಳನ್ನು ತಬ್ಬಿಕೊಂಡೆ. ಕಮಲ ನನ್ನ ತೊಡೆಯ ಮೇಲೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮೂಟೆಗಳ ನಡುವೆ ಆಟೋ ಸಿಕ್ಕಿಹಾಕಿಕೊಂಡಿತು. ಗೂಡು ಮಾರಲು ಬಂದಿದ್ದ ಒಬ್ಬ ರೈತರು ಪಟ್ಟಿಯನ್ನು ಭಕ್ತಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಯಾವ ದೇವ್ರ ಪಲ್ಲಕ್ಕಿ ಸಾಮಿ ಇದು?"

"ಪಲ್ಲಕ್ಕಿ ಅಲ್ಲಪ್ಪ, ನಮ್ಮನೆ ಛಾವಣಿಗೆ."

ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು ಹೋದರು.

ಭಾನುವಾರ ಬೆಳಿಗ್ಗೆ ಶುಭಕಾರ್ಯ ಆರಂಭಿಸಿದೆ. ಹೊಸ ಗರಗಸ, ಪೆನ್ಸಿಲು, ಸ್ಕೂಲಿನಿಂದ ತಂದ ಕೋನಮಾಪಕ, ಮೂಲೆಮಟ್ಟ. ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದ್ದೆ. ನಾಲ್ಕರಲ್ಲೂ ಗಡ್ಡದವನೊಬ್ಬ ಹಾಡು ಹೇಳುತ್ತ ಅರ್ಧ ನಿಮಿಷದಲ್ಲಿ ಮೂಲೆ ಮುಗಿಸಿದ್ದ. ನನಗೆ ಗಡ್ಡ ಒಂದೇ ಕಡಿಮೆ ಎಂದುಕೊಂಡೆ.

ಪಟ್ಟಿಯನ್ನು ಬೆಂಚಿನ ಮೇಲೆ ಮಲಗಿಸಿದೆ. ಹೌದು, ಮಲಗಿಸಿದೆ! ನಲವತ್ತೈದು ಡಿಗ್ರಿ ಅಳೆದು ಗೆರೆ ಎಳೆದೆ. ಅಂಥ ಅಚ್ಚುಕಟ್ಟಾದ ಗೆರೆ ಚಿಕ್ಕಬಳ್ಳಾಪುರದಲ್ಲಿ ಯಾರೂ ಎಳೆದಿರಲಿಕ್ಕಿಲ್ಲ. ಕೊಯ್ದೆ. ಇನ್ನೊಂದನ್ನೂ ಕೊಯ್ದೆ. ಎರಡು ಏಣಿ ಇಟ್ಟು, ಒಂದರ ಮೇಲೆ ನಾನು, ಇನ್ನೊಂದರ ಮೇಲೆ ನಮ್ಮ ಪಕ್ಕದ ಮನೆಯ ಮುನಿಶಾಮಪ್ಪ ಹತ್ತಿದೆವು. ಮುನಿಶಾಮಪ್ಪ ನಿವೃತ್ತ ಬಸ್ ಕಂಡಕ್ಟರ್. ಯಾರ ಮನೆಯಲ್ಲಿ ಸುತ್ತಿಗೆ ಸದ್ದಾದರೂ ಟಿಕೆಟ್ ಇಲ್ಲದೆ ಹತ್ತುತ್ತಾರೆ.

ಎರಡು ತುದಿಗಳನ್ನು ಮೂಲೆಯಲ್ಲಿ ಒಟ್ಟಿಗೆ ತಂದೆವು. ಒಂದರ ಓರೆ ಬಲಕ್ಕೆ. ಇನ್ನೊಂದರದ್ದೂ ಬಲಕ್ಕೆ. ಜಗಳವಾಡಿದ ಓರಗಿತ್ತಿಯರ ಥರ ಒಂದರ ಮುಖ ಒಂದು ನೋಡಲಿಲ್ಲ.

"ಮೇಷ್ಟ್ರೇ, ಇದು ಉಲ್ಟಾ ಆಯ್ತಲ್ಲ" ಎಂದರು ಮುನಿಶಾಮಪ್ಪ.

"ಗೊತ್ತು. ಪರೀಕ್ಷೆಗೆ ಕೊಯ್ದಿದ್ದು."

ಮತ್ತೆ ಕೊಯ್ದೆ. ಈ ಸಲ ಮುಖ ನೋಡಿದವು, ಆದರೆ ನಡುವೆ ಬೆರಳು ತೂರುವಷ್ಟು ಸಂದು. ಮೇಲೆ ಕೂಡಿದರೆ ಕೆಳಗೆ ಬಾಯಿ ಬಿಡುತ್ತದೆ, ಕೆಳಗೆ ಕೂಡಿದರೆ ಮೇಲೆ. ಇನ್ನೊಂದು ಚೂರು ಕೊಯ್ದೆ. ಸಂದು ದೊಡ್ಡದಾಯಿತು. ಎರಡನೇ ಮೂಲೆಗೆ ಹೋದೆ. ಅಲ್ಲಿ ಬೇರೆಯೇ ಥರದ ಸಂದು. ಮಧ್ಯಾಹ್ನದ ಹೊತ್ತಿಗೆ ಒಂದು ವಿಚಿತ್ರ ಸತ್ಯ ನನಗೆ ಕಾಣಿಸಿತು. ಪಟ್ಟಿಗಳು ಸಣ್ಣದಾಗುತ್ತಿದ್ದವು. ಮನೆ ಮಾತ್ರ ಇದ್ದಷ್ಟೇ ಇತ್ತು!

ಬೆಂಚಿನ ಕೆಳಗೆ ಬಳ್ಳಿಯ ತುಂಡುಗಳು ಬಿದ್ದಿದ್ದವು. ಎಲೆ ಒಂದು ಕಡೆ, ಮೊಗ್ಗು ಒಂದು ಕಡೆ. ವನಜಾ ಪೊರಕೆ ಹಿಡಿದು ಬಂದವಳು ಗುಡಿಸದೆ ನಿಂತಳು. ತುಂಡುಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿಕೊಂಡಳು. "ಇಷ್ಟು ಚೆನ್ನಾಗಿರೋದನ್ನ ಹೆಂಗ್ರೀ ಗುಡಿಸೋದು?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ತಪ್ಪು ನನ್ನದೋ ಮರದ್ದೋ ತೀರ್ಮಾನವಾಗಬೇಕಿತ್ತು. ಕಮಲಕ್ಕೆ ಮಧ್ಯಬಿಂದು ಹುಡುಕುವ ನೆಪದಲ್ಲಿ ಛಾವಣಿಯ ಮೂಲೆಯಿಂದ ಮೂಲೆಗೆ ದಾರ ಎಳೆದೆ. ಆಯತವಾಗಿದ್ದರೆ ಎರಡು ಕರ್ಣಗಳೂ ಸಮ. ಇದನ್ನು ನಾನು ಎಷ್ಟು ಸಾವಿರ ಮಕ್ಕಳಿಗೆ ಬರೆಸಿದ್ದೇನೋ! ದಾರಗಳನ್ನು ಕೆಳಗಿಳಿಸಿ ಪಕ್ಕಪಕ್ಕ ಹಿಡಿದೆ. ಒಂದಕ್ಕಿಂತ ಇನ್ನೊಂದು ನಾಲ್ಕು ಬೆರಳು ಉದ್ದ.

ಮತ್ತೆ ಅಳೆದೆ. ನಾಲ್ಕು ಬೆರಳು.

ಮುನಿಶಾಮಪ್ಪ ಕೇಳಿದರು. "ಹಂಗಂದ್ರೆ ಏನು ಮೇಷ್ಟ್ರೇ?"

ನಾನು ಏಣಿಯ ಮೆಟ್ಟಿಲ ಮೇಲೆ ಕೂತೆ. "ಹಂಗಂದ್ರೆ ನಮ್ಮ ನಡುಮನೆ ಆಯತ ಅಲ್ಲ."

"ಮತ್ತೆ?"

"ಬರೀ ಚತುರ್ಭುಜ."

ಹದಿನೆಂಟು ವರ್ಷ ಒಂದು ಚತುರ್ಭುಜದೊಳಗೆ ಕೂತು ನಾನು ಉತ್ತರಪತ್ರಿಕೆ ತಿದ್ದಿದ್ದೆ! ಚಿಂತಾಮಣಿಯ ಆ ಹೆಂಗಸು ನಮ್ಮ ಮನೆಯ ಬಾಗಿಲು ಕೂಡ ನೋಡದೆ ಹೇಳಿದ್ದ ಮಾತನ್ನು ನಾನು ಪ್ರಮಾಣಸಹಿತ ಸಾಧಿಸಿ ತೋರಿಸಿದ್ದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಾನು ನಿಲ್ಲಿಸಲಿಲ್ಲ. ಮರದ ಹೊಟ್ಟಿಗೆ ಅಂಟು ಕಲಸಿ ಸಂದುಗಳಿಗೆಲ್ಲ ತುರುಕಿದೆ. ಮೂರು ದಿನ ಸ್ಕೂಲಿನಿಂದ ಬಂದವನೇ ಏಣಿ ಹತ್ತಿದೆ. ಗಡ್ಡದವನು ವಿಡಿಯೋದಲ್ಲಿ ಅಂಟಿನಲ್ಲೇ ನಿಲ್ಲುತ್ತದೆ ಎಂದಿದ್ದ. ಅವನು ಅಂಟಿಸಿದ್ದು ಥರ್ಮೋಕೋಲು, ನನ್ನದು ತೇಗ. ಈ ಸಣ್ಣ ವ್ಯತ್ಯಾಸ ನನ್ನ ಗಮನಕ್ಕೆ ಬರಲಿಲ್ಲ. ಗೋಡೆಯಲ್ಲಿ ತೂತು ಕೊರೆದರೆ ಗಾರೆ ಉದುರುತ್ತದೆಂದು ಅಲ್ಲೊಂದು ಇಲ್ಲೊಂದು ಸಣ್ಣ ಮೊಳೆ ಹೊಡೆದು, ಉಳಿದಿದ್ದನ್ನು ಅಂಟಿಗೆ ಬಿಟ್ಟೆ. ಫ್ಯಾನು ಬಿಚ್ಚಿಟ್ಟು ಕಮಲವನ್ನೂ ಏರಿಸಿದೆ. ಕೆಳಗಿಳಿದು ಕಣ್ಣು ಅರ್ಧ ಮುಚ್ಚಿ ನೋಡಿದೆ. ಚೆನ್ನಾಗಿಯೇ ಕಂಡಿತು.

"ಹೆಂಗಿದೆ ಮುನಿಶಾಮಪ್ಪ?"

"ದೂರದಿಂದ ಚೆನ್ನಾಗೈತೆ ಮೇಷ್ಟ್ರೇ."

"ಎಷ್ಟು ದೂರದಿಂದ?"

"ನಮ್ಮನೆಯಿಂದ."

ನಿಶ್ಚಿತಾರ್ಥಕ್ಕೆ ಆರು ದಿನ ಉಳಿದಿತ್ತು. ಅವರೆಕಾಯಿಯ ಕಾಲ. ಬೀಗರಿಗೆ ಹಿತಕಿದ ಬೇಳೆ ಸಾರು ಮಾಡುವುದೆಂದು ನಿಶ್ಚಯವಾಗಿತ್ತು. ವನಜಾ ಎಷ್ಟು ಬೇಕಾದೀತೆಂದು ಅಂದಾಜು ನೋಡಲು ಒಂದು ಬೇಸಿನ್ ತುಂಬ ಕಾಳು ನೆನೆಹಾಕಿ, ಚೈತ್ರಾ ಮತ್ತು ಮುನಿಶಾಮಪ್ಪನವರ ಹೆಂಡತಿಯ ಜೊತೆ ನಡುಮನೆಯಲ್ಲೇ ಹಿತುಕುತ್ತ ಕೂತಿದ್ದಳು. ನಾನು ಕುರ್ಚಿಯಲ್ಲಿ ಕೂತು, ಸೊಬಗಿರುವ ಮನೆಯಲ್ಲಿ ಬದುಕುವುದು ಹೇಗಿರುತ್ತದೆಂದು ಅನುಭವಿಸುತ್ತಿದ್ದೆ.

ಹೊರಗೆ ರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಒಂದು ಹೋಯಿತು. ಪ್ರತಿದಿನ ಹತ್ತು ಹೋಗುತ್ತವೆ. ಕಿಟಕಿಯ ಗಾಜು ಸ್ವಲ್ಪ ನಡುಗಿತು. ಮೇಲೆಲ್ಲೋ 'ಪರ್‍ರ್' ಎಂದು ಹೊಸ ಬಟ್ಟೆ ಹರಿದಂಥ ಸದ್ದು.

"ಅಪ್ಪ, ಏನದು?" ಎಂದು ಚೈತ್ರಾ ತಲೆ ಎತ್ತಿದಳು. "ಅಮ್ಮಾ, ಏಳು! ಏಳಿ ಆಂಟಿ!"

ಮೂವರೂ ಬಾಗಿಲ ಕಡೆ ಹಾರಿದರು. ಉದ್ದದ ಪಟ್ಟಿಯ ಒಂದು ತುದಿ ಬಾಗಿ, ತೂಗಿ, ಧಡಾರೆಂದು ಬಿತ್ತು. ಅದು ಬೀಳುತ್ತ ಪಕ್ಕದ್ದನ್ನು ಎಳೆಯಿತು. ಅದು ಇನ್ನೊಂದನ್ನು. ಅವರೆಕಾಳು ನಾಲ್ಕು ದಿಕ್ಕಿಗೆ ಚಿಮ್ಮಿತು. ಎಲ್ಲ ಮುಗಿಯಿತು ಎಂದು ನಾನು ಕಣ್ಣು ಬಿಡುವಾಗ ಕಮಲ ಬಿತ್ತು. ನೇರವಾಗಿ ಬೇಸಿನ್ನಿನೊಳಗೆ! ನೀರು ಎದ್ದು ನನ್ನ ಮುಖಕ್ಕೆ ಹೊಡೆಯಿತು. ಕಮಲ ಮಾತ್ರ ಅವರೆಸಿಪ್ಪೆಗಳ ನಡುವೆ ಶಾಂತವಾಗಿ ತೇಲುತ್ತ ನಿಂತಿತು. ಒಂದು ದಳವೂ ಮುರಿದಿರಲಿಲ್ಲ. ನನ್ನ ಛಾವಣಿಗಿಂತ ಅದಕ್ಕೆ ನೀರೇ ವಾಸಿ ಎನಿಸಿರಬೇಕು.

ನಗಬಹುದಿತ್ತು. ಯಾರೂ ನಗಲಿಲ್ಲ. ಚೈತ್ರಾ ಕೂತಿದ್ದ ಮಣೆಯ ಮೇಲೆ ಪಟ್ಟಿಯ ತುದಿ ಅಡ್ಡ ಬಿದ್ದಿತ್ತು. ಮಣೆ ಸೀಳಿತ್ತು. ನಾನು ಆ ಸೀಳನ್ನೇ ನೋಡಿದೆ. ಇನ್ನೊಂದು ಗಳಿಗೆ ತಡವಾಗಿದ್ದರೆ ನಾನು ಯಾರಿಗಾಗಿ ಈ ಸೊಬಗು ತಂದಿದ್ದೆನೋ ಅವಳ ಹೆಗಲ ಮೇಲೇ ಅದು ಬೀಳುತ್ತಿತ್ತು. ಚೈತ್ರಾ ಬಂದು ನನ್ನ ಮುಖ ಒರೆಸಿದಳು. "ಏನೂ ಆಗಿಲ್ಲ ಅಪ್ಪ. ನೋಡು, ನಾನು ಸರಿಯಾಗಿದೀನಿ" ಎಂದು ಎರಡು ಸಲ ಹೇಳಿದಳು. ನಾನು ಸೀಳಿದ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದೆ.

ವನಜಾ ಕಾಳು ಆರಿಸಿ ಮುಗಿಸಿದಳು. ಆಮೇಲೆ ಹೇಳಿದಳು. "ನಾಳೆ ನಾನು ಚಿಂತಾಮಣಿಗೆ ಹೋಗ್ತೀನಿ. ನೀವು ಸ್ಕೂಲಿಗೆ ಹೋಗಿ. ಏಣಿ ಮುಟ್ಟಬೇಡಿ."

ಚಿಂತಾಮಣಿ ವನಜಾಳ ತವರು. ಅಲ್ಲಿ ಕಾಲಿಟ್ಟ ಕೂಡಲೇ ಅವಳ ಕನ್ನಡದೊಳಗೆ ತೆಲುಗು ತಾನಾಗಿ ಬಂದು ಕೂರುತ್ತದೆ. ಚೀಲದಲ್ಲಿ ಆರಿಸಿಟ್ಟಿದ್ದ ಬಳ್ಳಿಯ ತುಂಡುಗಳನ್ನು ತುಂಬಿಕೊಂಡು ಬೆಳಗಿನ ಬಸ್ಸಿಗೆ ಹೋದಳು. ಸಂಜೆ ನಾನು ಬರುವಷ್ಟರಲ್ಲಿ ನಮ್ಮ ನಡುಮನೆಯಲ್ಲಿ ಆ ನೀರು ಕೊಟ್ಟ ಹೆಂಗಸು ನಿಂತಿದ್ದರು. ಪಕ್ಕದಲ್ಲಿ ಉಳಿಗಳ ಪೆಟ್ಟಿಗೆ.

"ಇವ್ರು ಗಿರಿಜಮ್ಮ" ಎಂದಳು ವನಜಾ. "ಕೃಷ್ಣಾಚಾರಿಗಳ ಮಗಳು. ಅವ್ರಪ್ಪಂಗೆ ಕಣ್ಣು ಮಂಜಾಗಿ ಹತ್ತು ವರ್ಷ ಆಯ್ತಂತೆ. ಗೌರಿಬಿದನೂರಿನ ಛಾವಣಿ, ಈ ಬಳ್ಳಿ, ಕಮಲ, ಆ ದೇವಸ್ಥಾನದ ಬಾಗಿಲು, ಎಲ್ಲ ಇವ್ರದೇ ಕೆತ್ತನೆ."

ನಾನು ಆ ಕೈಗಳನ್ನು ನೋಡಿದೆ. ಉಜ್ಜುತ್ತಿದ್ದಾರೆ ಎಂದುಕೊಂಡಿದ್ದೆ. ಕೆತ್ತುತ್ತಿದ್ದರು. ಅಂಥವರ ಕೈಯಲ್ಲಿ ನೀರು ತರಿಸಿಕೊಂಡು ಕುಡಿದು, ನಲವತ್ತೈದು ಎರಡಲೆ ತೊಂಬತ್ತು ಎಂದು ಪಾಠ ಹೇಳಿ ಬಂದಿದ್ದೆ!

"ದೇವಸ್ಥಾನದ ಬಾಗಿಲು ಬಿಟ್ಟು ಬಂದ್ರಾ?" ಎಂದು ಹೇಗೋ ಕೇಳಿದೆ.

"ಅಕ್ಕ ಚೀಲ ಬಿಚ್ಚಿದ್ರು ಸಾರ್. ನನ್ನ ಬಳ್ಳೀನ ಹಂಗೆ ತುಂಡು ತುಂಡಾಗಿ ನೋಡಕ್ಕಾಗಲಿಲ್ಲ. ದೇವ್ರು ಎರಡು ದಿನ ಕಾಯ್ತಾನೆ, ಬಂದೆ." ಆಕೆ ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದರು. "ಮಲಗಿಸಿ ಕೊಯ್ದ್ರಿ, ಅಂತೇನಾ?"

"ಅಂತೇ" ಎಂದೆ ನಾನು. ಹೌದೆಂದು ಒಪ್ಪಿಕೊಳ್ಳಲು ನನಗೆ ಬರುವ ತೆಲುಗು ಅಷ್ಟೇ.

ಗಿರಿಜಮ್ಮ ಟೇಪು ತೆಗೆಯಲಿಲ್ಲ. ಮೊದಲು ಗೋಡೆಗೆ ಅಂಗೈ ಇಟ್ಟು ಒಂದು ಸುತ್ತು ನಡೆದರು. ಪ್ರತಿ ಮೂಲೆಯಲ್ಲೂ ಒಂದು ಗಳಿಗೆ ನಿಂತರು. "ಈ ಮೂಲೆ ತೆರ್ಕೊಂಡೈತೆ. ಆ ಮೂಲೆ ಮುಚ್ಕೊಂಡೈತೆ. ಪರವಾಗಿಲ್ಲ ಸಾರ್, ಮನೆ ಅಂದ್ಮೇಲೆ ಹಂಗೇ."

"ಆದ್ರೆ ಪಟ್ಟಿ ಗಿಡ್ಡ ಆಗಿಬಿಟ್ಟಿದೆಯಲ್ಲಮ್ಮ. ಹೊಸದು ಕೆತ್ತಕ್ಕೆ ಟೈಮಿಲ್ಲ."

ಆಕೆ ಸ್ವಲ್ಪ ಹೊತ್ತು ಮೇಲೆ ನೋಡಿದರು. "ಕೊಯ್ದಿರೋದನ್ನ ಉದ್ದ ಮಾಡಕ್ಕಾಗಲ್ಲ. ಮೂಲೆ ದೊಡ್ಡದು ಮಾಡಣ."

ಮೂಲೆ ದೊಡ್ಡದು ಮಾಡುವುದು! ಇಂಥ ಒಂದು ವಾಕ್ಯ ನನ್ನ ಇಡೀ ಗಣಿತಜೀವನದಲ್ಲಿ ನನಗೆ ಹೊಳೆದಿಲ್ಲ. ಆಕೆಯ ಉಪಾಯ ಇಷ್ಟೇ. ನಾಲ್ಕು ಮೂಲೆಗೂ ಒಂದೊಂದು ದಪ್ಪ ತೇಗದ ತುಂಡು. ಪಟ್ಟಿಗಳ ತುದಿಯನ್ನು ನೆಟ್ಟಗೆ ಕೊಯ್ದು ಆ ತುಂಡುಗಳಿಗೆ ತಾಕಿಸಿ ನಿಲ್ಲಿಸುವುದು. ಓರೆಯೂ ಇಲ್ಲ, ನಲವತ್ತೈದೂ ಇಲ್ಲ. ನಾನು ತಿಂದುಹಾಕಿದ್ದ ಉದ್ದವನ್ನೆಲ್ಲ ಮೂಲೆಗಳೇ ತುಂಬಿಕೊಡುತ್ತವೆ.

ಎರಡು ದಿನ ಗಿರಿಜಮ್ಮ ನಮ್ಮ ಹಿತ್ತಿಲಲ್ಲಿ ಕೂತು ಕೆತ್ತಿದರು. ನಾನು ಸ್ಕೂಲಿಗೆ ರಜೆ ಹಾಕಿದೆ. ರಜೆಪತ್ರದಲ್ಲಿ 'ಗೃಹಕೃತ್ಯದ ನಿಮಿತ್ತ' ಎಂದು ಬರೆದೆ. ನಿಜವೆಂದರೆ ಆ ಕೈ ನೋಡುವುದಕ್ಕೆ. ಉಳಿ ಮರದ ಮೇಲೆ ಹೋಗುತ್ತಿದ್ದ ರೀತಿಯಲ್ಲಿ ಒರಟುತನವೇ ಇರಲಿಲ್ಲ. ಬೆಣ್ಣೆಯ ಮೇಲೆ ಬೆರಳು ಆಡಿದ ಹಾಗೆ. ಮೊದಲು ಒಂದು ನರ ಎದ್ದಿತು. ಅದರಿಂದ ಸಣ್ಣ ನರಗಳು ಕವಲೊಡೆದವು. ಆಮೇಲೆ ಅಂಚಿನ ಹಲ್ಲುಗಳು. ನೋಡುತ್ತಿದ್ದಂತೆ ಹಿಪ್ಪುನೇರಳೆ ಎಲೆಯೊಂದು ಮರದೊಳಗಿಂದ ಎದ್ದು ಬಂದು ಸ್ವಲ್ಪ ತುದಿ ಮಡಿಚಿಕೊಂಡಿತು. ಎಲೆಯ ಅಂಚಿನಲ್ಲಿ ಒಂದು ರೇಷ್ಮೆಹುಳು, ತಲೆ ಎತ್ತಿ ಮೇಯುತ್ತಿತ್ತು. ನಮ್ಮ ಸೀಮೆಯಲ್ಲಿ ಎಲ್ಲರೂ ನೋಡಿರುವ ಎಲೆ, ಎಲ್ಲರೂ ನೋಡಿರುವ ಹುಳು. ಆದರೂ ನಾನು ಅದನ್ನು ಅವತ್ತೇ ಮೊದಲು ನೋಡಿದೆ ಎನಿಸಿತು.

"ನಮ್ಮಮ್ಮನ ಮನೇಲಿ ಹುಳ ಸಾಕ್ತಿದ್ರು ಸಾರ್" ಎಂದರು ಗಿರಿಜಮ್ಮ, ತಲೆ ಎತ್ತದೆ. "ಅದು ಮೇಯೋ ಸದ್ದು ಕೇಳಿದೀರಾ? ಮಳೆ ಬಂದಂಗೆ ಇರುತ್ತೆ. ಅದನ್ನ ಮಾತ್ರ ಕೆತ್ತಕ್ಕೆ ಬರಲ್ಲ."

ಪ್ರತಿ ಮೂಲೆತುಂಡನ್ನು ಕೆತ್ತುವ ಮೊದಲು ಅದರ ಹಿಂಭಾಗವನ್ನು ಗೋಡೆಗೆ ಹೊಂದಿಸಬೇಕಿತ್ತು. ನಾಲ್ಕು ಮೂಲೆ, ನಾಲ್ಕು ಬೇರೆ ಬೇರೆ ಕೋನ. ನನಗೆ ತಡೆಯಲಾಗಲಿಲ್ಲ. "ಗಿರಿಜಮ್ಮ, ಡಿಗ್ರಿ ಅಳೀದೆ ಕೋನ ಹೆಂಗೆ ಹಿಡೀತೀರಿ?"

"ಕೋನ ಗೀನ ಗೊತ್ತಿಲ್ಲ ಸಾರ್. ಎರಡು ಕಡ್ಡಿ ಗೋಡೆಗಿಡ್ತೀನಿ. ಹಂಗೇ ಎತ್ಕೊಂಡು ಮರದ ಮೇಲಿಟ್ಟು ಗೀಟು ಹಾಕ್ತೀನಿ. ಎಲೆ ನಡು ನರ ಆ ಎರಡು ಗೀಟಿಗೂ ಸಮ ಇರಬೇಕಲ್ಲ, ದಾರದಲ್ಲಿ ಹಿಂಗೊಂದು ಕಮಾನು, ಹಂಗೊಂದು ಕಮಾನು ಎಳೀತೀನಿ. ಸೇರಿದ ಕಡೆ ನರ."

ಕೋನಾರ್ಧಕ! ನಾನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ದೊಡ್ಡ ಕೈವಾರ ಹಿಡಿದು ಎಳೆಯುವ ಅದೇ ಕಮಾನುಗಳು. ಮಕ್ಕಳು 'ಇದು ಯಾಕ್ ಸಾರ್?' ಎಂದು ಕೇಳಿದಾಗ 'ಪರೀಕ್ಷೆಗೆ ಬರುತ್ತೆ' ಎಂದಷ್ಟೇ ಹೇಳಿದ್ದೆ. ಅದರಿಂದ ಒಂದು ಎಲೆಗೆ ನರ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮೂರನೇ ದಿನ ಎಲ್ಲ ಮೇಲೇರಿತು. ಗಿರಿಜಮ್ಮ ಗೋಡೆ ಕೊರೆದು ತಿರುಪು ಹಾಕಿ ಕೂರಿಸಿದರು. ತಾವೇ ಪಟ್ಟಿಗೆ ಜೋತುಬಿದ್ದು ಭದ್ರ ನೋಡಿದರು. ಆ ಹೊತ್ತಿನಲ್ಲಿ ನನಗೆ ಕೊಟ್ಟ ಜವಾಬ್ದಾರಿ ಎಂದರೆ, ದೂರದ ಒಂದು ಮೂಲೆಯಲ್ಲಿ ನಿಂತುಕೊಳ್ಳುವುದು. ಅದನ್ನು ನಾನು ಯಾವ ತಪ್ಪೂ ಇಲ್ಲದೆ ನಿರ್ವಹಿಸಿದೆ.

ನಿಶ್ಚಿತಾರ್ಥದ ದಿನ ಬೀಗರು ಬಂದರು. ನಡುಮನೆ ತುಂಬ ಜನ. ವನಜಾ ಗಿರಿಜಮ್ಮನನ್ನೂ ಕೃಷ್ಣಾಚಾರಿಗಳನ್ನೂ ಕರೆಸಿ ಮುಂದಿನ ಸಾಲಿನಲ್ಲೇ ಕೂರಿಸಿದ್ದಳು. ಗಂಗಾಧರಪ್ಪನವರು ಒಳಗೆ ಕಾಲಿಟ್ಟು, ಕೈ ಮುಗಿದು, ತಲೆ ಎತ್ತಿದರು.

"ಮೇಷ್ಟ್ರೇ! ಈ ಮೂಲೆ ನಮ್ಮನೇಲಿಲ್ಲ!"

ಎಲ್ಲರೂ ತಲೆ ಎತ್ತಿದರು. ಅರ್ಚಕರೂ ಎತ್ತಿದರು. ಮುನಿಶಾಮಪ್ಪ ಮಾತ್ರ ನನ್ನನ್ನು ನೋಡಿದರು.

"ಹುಳ ನೋಡ್ರೋ, ಹೆಂಗೆ ತಲೆ ಎತ್ತೈತೆ! ಯಾರ್ದು ಮೇಷ್ಟ್ರೇ ಈ ಐಡಿಯಾ?"

ಒಂದು ಕ್ಷಣ, ಒಂದೇ ಒಂದು ಕ್ಷಣ, ನನ್ನ ನಾಲಿಗೆ ತುದಿಗೆ 'ರೇಖಾಗಣಿತದ ಪ್ರಕಾರ' ಎಂಬ ಮಾತು ಬಂದಿತ್ತು. ಚೈತ್ರಾ ಹಸೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ನುಂಗಿಕೊಂಡೆ.

"ಐಡಿಯಾ ಈ ಗಿರಿಜಮ್ಮಂದು" ಎಂದೆ. "ಕಾರಣ ನಾನು."

ವನಜಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ತಡೆಯಲಾರದೆ ನಡೆದದ್ದನ್ನೆಲ್ಲ ಹೇಳಿಯೇಬಿಟ್ಟಳು. ಚತುರ್ಭುಜ, ಗಡ್ಡದವನು, ಬೇಸಿನ್ನಿನ ಕಮಲ, ಯಾವುದನ್ನೂ ಬಿಡಲಿಲ್ಲ. ಬೀಗರ ಕಡೆಯವರು ಕಣ್ಣೊರೆಸಿಕೊಂಡು ನಕ್ಕರು. ಅಳಿಯನಾಗುವ ಹುಡುಗನೂ ನಕ್ಕ. ಆದರೆ ಬಗ್ಗಿ ಚೈತ್ರಾಳನ್ನು "ನಿಮಗೆ ಏಟೇನೂ ಆಗಲಿಲ್ಲ ತಾನೇ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಹುಡುಗ ಒಳ್ಳೆಯವನೆಂದು ಮೊದಲೇ ಹೇಳಿದ್ದೆ. ಅವತ್ತು ಗ್ಯಾರಂಟಿಯಾಯಿತು.

ಊಟ ಮುಗಿಯುವ ಮೊದಲೇ ಗಂಗಾಧರಪ್ಪನವರು ತಮ್ಮ ಮಹಡಿಯ ಹಾಲಿಗೆ ಇಂಥದ್ದೇ ಬೇಕೆಂದು ಗಿರಿಜಮ್ಮನಿಗೆ ದುಂಬಾಲು ಬಿದ್ದರು. ಜೋಳದ ತೆನೆ ಕೆತ್ತೋಣ ಎಂದರಂತೆ ಆಕೆ, ಅವರು ಮೆಕ್ಕೆಜೋಳ ಬೆಳೆಯುವವರೆಂದು ತಿಳಿದು. ನಾನು ಆ ಮಾತಿನ ನಡುವೆ ನುಗ್ಗಿ, ಬೇಸಿಗೆ ರಜೆಯಲ್ಲಿ ನನಗೆ ಬಿಡುವಿದೆ, ಸಹಾಯ ಬೇಕಾದರೆ ಹೇಳಿ ಎಂದೆ. ಇಬ್ಬರೂ ಒಟ್ಟಿಗೇ ತಲೆ ಎತ್ತಿ ಛಾವಣಿ ನೋಡಿದರು.

ಕೊನೆಗೆ ಗಿರಿಜಮ್ಮ ದಯೆ ತೋರಿಸಿದರು. ಈಗ ನಾನು ಬೇಸಿಗೆ ರಜೆಯಲ್ಲಿ ಆಕೆಯ ಜೊತೆ ಗೌರಿಬಿದನೂರಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ನನ್ನ ಕೆಲಸ ಟೇಪಿನ ಒಂದು ತುದಿ ಹಿಡಿದುಕೊಳ್ಳುವುದು. ಮೊದಲ ದಿನವೇ ಆಕೆ ಸ್ಪಷ್ಟವಾಗಿ ಹೇಳಿಬಿಟ್ಟರು. "ಹಿಡ್ಕೊಳ್ಳಿ ಸಾರ್, ಅಷ್ಟೇ. ಓದಬೇಡಿ. ಓದೋದು ನಾನು ಓದ್ಕೋತೀನಿ."

ನಾನು ಶ್ರದ್ಧೆಯಿಂದ ಹಿಡಿದುಕೊಂಡೆ. ನನ್ನ ಕೆಲಸ ಮೆಚ್ಚಿ ಕಳೆದ ವಾರ ಬಡ್ತಿ ಕೊಟ್ಟಿದ್ದಾರೆ. ಪಕ್ಕಾ ಬಡಗಿಯ ಹಾಗೆ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಳ್ಳಲು ಈಗ ನನಗೆ ಅನುಮತಿ ಇದೆ. ಆಕೆ ಕೊಟ್ಟ ಪೆನ್ಸಿಲನ್ನು ಹೆಮ್ಮೆಯಿಂದ ಸಿಕ್ಕಿಸಿಕೊಂಡು ಊರೆಲ್ಲ ಓಡಾಡಿದೆ. ಮನೆಗೆ ಬಂದು ತೆಗೆದು ನೋಡಿದರೆ, ಅದರ ತುದಿಯನ್ನು ಆಕೆ ಹೆರೆದೇ ಇರಲಿಲ್ಲ!